ಮುಚ್ಚಳ ತೆರೆದ ಮೇಲೆ ಬಾಟಲಿಯಲ್ಲಿ ಏನಿರುತ್ತದೆ?

ಉತ್ತರ ಕರ್ನಾಟಕದ ಕಡೆಯವರು ಎಷ್ಟು ಜನ ಇದ್ದೀರಿ ಎಂದು ಕೇಳಿದ್ದಕ್ಕೆ ಅರ್ಧ ಸಭಾಂಗಣ ಕೈ ಎತ್ತಿತು. ಹಾಗಾದರೆ ಅಗಸಿ ಹಿಂಡಿಯಿಂದಲೇ, ಅಂದರೆ ಅಗಸೆ ಬೀಜದ ಚಟ್ನಿಪುಡಿಯಿಂದಲೇ, ಶುರು ಮಾಡುತ್ತೇನೆ. ಊರಿಗೆ ಹೋದಾಗ ಅವ್ವ ಡಬ್ಬಿ ತುಂಬ ಅಗಸಿ ಹಿಂಡಿ ಕಟ್ಟಿ ಕೊಡುತ್ತಾಳೆ. ಮೊದಲ ವಾರ ಡಬ್ಬಿ ತೆರೆದರೆ ಮನೆಯೆಲ್ಲ ಘಮ. ಒಂದೂವರೆ ತಿಂಗಳು ಬಿಟ್ಟು ಹಾಸ್ಟೆಲ್ ಕಪಾಟಿನಿಂದ ಅದೇ ಡಬ್ಬಿ ತೆಗೆದು ಮೂಸಿ ನೋಡಿ. ಹಳೆ ಪೇಂಟಿನಂಥ ಒಂದು ಕಮಟು ವಾಸನೆ ಮೂಗಿಗೆ ಹೊಡೆಯುತ್ತದೆ. ಯಾರೂ ಅದಕ್ಕೆ ಏನನ್ನೂ ಬೆರೆಸಿಲ್ಲ. ಊಟದ ಹೊತ್ತಿಗೆ ನೀವೇ ಮುಚ್ಚಳ ತೆರೆದಿರಿ, ಗಾಳಿ ಒಳಗೆ ಹೋಯಿತು, ಅಷ್ಟೇ.

ಪೇಂಟಿನ ವಾಸನೆ ಎಂದೆನಲ್ಲ, ಅದು ಬರಿಯ ಹೋಲಿಕೆಯಲ್ಲ. ತೈಲವರ್ಣದ ಚಿತ್ರ ಬರೆಯುವವರು ಬಣ್ಣ ಕಲಸುವುದು ಅಗಸೆ ಎಣ್ಣೆಯಲ್ಲೇ. ಆ ಬಣ್ಣ ನೀರಿನಂತೆ ಆರಿ ಒಣಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಕ್ಯಾನ್ವಾಸಿನ ಮೇಲೆ ಬೇಕಾದ ಗುಣವೇ ಡಬ್ಬಿಯಲ್ಲಿ ಕಮಟು.

ಇದು ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ. ಗಾಳಿಯಲ್ಲಿ ಸುಮಾರು ಶೇಕಡ 21ರಷ್ಟು ಆಮ್ಲಜನಕವಿದೆ. ಇಷ್ಟೊಂದು ಆಮ್ಲಜನಕದ ನಡುವೆ ಕಾಗದ, ಬಟ್ಟೆ, ಎಣ್ಣೆ, ನಮ್ಮ ಮೈ ಎಲ್ಲ ತಾನಾಗಿ ಉರಿದುಹೋಗದೆ ಉಳಿದಿರುವುದೇ ಸೋಜಿಗ. ಆಮ್ಲಜನಕದ ಅಣುವಿನಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನ್‌ಗಳಿವೆ, ಎರಡರ ಸ್ಪಿನ್ ಕೂಡ ಒಂದೇ ದಿಕ್ಕಿನದು. ಎಣ್ಣೆಯಂಥ ಅಣುಗಳಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಜೋಡಿ ಜೋಡಿಯಾಗಿ ಕೂತಿರುತ್ತವೆ. ಇವೆರಡೂ ನೇರವಾಗಿ ಬೆರೆಯಲು ಕ್ವಾಂಟಮ್ ನಿಯಮ ಅಡ್ಡ ಬರುತ್ತದೆ. ಆದರೆ ಬೆಳಕು ಬಿದ್ದೋ, ಬಿಸಿ ತಾಗಿಯೋ, ಡಬ್ಬಿಯ ಕಬ್ಬಿಣದ ಒಂದು ಕಣ ಸೇರಿಯೋ ಒಂದು ಅಣು ತನ್ನ ಹೈಡ್ರೋಜನ್ ಕಳೆದುಕೊಂಡಿತು ಎಂದುಕೊಳ್ಳಿ. ಈಗ ಅದರಲ್ಲಿ ಒಂಟಿ ಎಲೆಕ್ಟ್ರಾನ್ ಉಳಿಯಿತು. ಅದೇ ಫ್ರೀ ರ‍್ಯಾಡಿಕಲ್. ಇದಕ್ಕೆ ಆಮ್ಲಜನಕ ತಕ್ಷಣ ಅಂಟಿಕೊಂಡು ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಆ ಪೆರಾಕ್ಸಿ ರ‍್ಯಾಡಿಕಲ್ ಪಕ್ಕದ ಅಣುವಿನ ಹೈಡ್ರೋಜನ್ ಕಿತ್ತುಕೊಂಡು ತಾನು ಹೈಡ್ರೋಪೆರಾಕ್ಸೈಡ್ ಆಗಿ ತಣ್ಣಗಾಗುತ್ತದೆ, ಪಕ್ಕದ್ದು ರ‍್ಯಾಡಿಕಲ್ ಆಗಿ ಉಳಿಯುತ್ತದೆ. ಅದು ಮತ್ತೆ ತನ್ನ ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ಒಂದು ಕಳವಿನಿಂದ ಶುರುವಾದದ್ದು ಊರಿಗೆಲ್ಲ ಹಬ್ಬುತ್ತದೆ.

ಎರಡು ಇಂಗಾಲಗಳ ನಡುವೆ ಡಬಲ್ ಬಾಂಡ್ ಇದ್ದರೆ, ಅದರ ಪಕ್ಕದ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಬಲು ಸಡಿಲ. ಎರಡು ಡಬಲ್ ಬಾಂಡ್‌ಗಳ ನಡುವೆ ಸಿಕ್ಕಿಕೊಂಡ ಹೈಡ್ರೋಜನ್ ಇನ್ನೂ ಸಡಿಲ. ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಲಿನೊಲೆನಿಕ್ ಆಮ್ಲ, ಅದರಲ್ಲಿ ಮೂರು ಡಬಲ್ ಬಾಂಡ್. ಕೊಬ್ಬರಿ ಎಣ್ಣೆಯ ಸುಮಾರು ಶೇಕಡ 90 ಭಾಗದಲ್ಲಿ ಒಂದೂ ಇಲ್ಲ. ಅಗಸಿ ಹಿಂಡಿ ಬೇಗ ಕಮಟಾಗಿ ಕೊಬ್ಬರಿ ಎಣ್ಣೆಯ ಬಾಟಲಿ ತಿಂಗಳುಗಟ್ಟಲೆ ತಾಳುವುದು ಇದರಿಂದಲೇ. ಇನ್ನೊಂದು ಸಂಗತಿ ನೆನಪಿಡಿ. ಮೊದಮೊದಲು ಏನೂ ಆಗುತ್ತಿಲ್ಲವೆಂದೇ ಕಾಣುತ್ತದೆ. ಎಣ್ಣೆಯಲ್ಲಿ ಸಹಜವಾಗಿರುವ ವಿಟಮಿನ್ ಇ ತನ್ನ ಹೈಡ್ರೋಜನ್ನನ್ನು ತಾನೇ ಕೊಟ್ಟು ಸರಪಳಿಯನ್ನು ಮುರಿಯುತ್ತಿರುತ್ತದೆ. ಅದು ತೀರಿದ ಮೇಲೆ ಓಟ ಶುರು. ಹೋದ ವಾರ ಚೆನ್ನಾಗಿತ್ತು, ಈ ವಾರ ಕೆಟ್ಟಿದೆ ಎಂದು ನಾವು ಹೇಳುವುದು ಅದಕ್ಕೇ.

ಹೈಡ್ರೋಪೆರಾಕ್ಸೈಡಿನಲ್ಲಿ ಕಥೆ ನಿಲ್ಲುವುದಿಲ್ಲ. ಅದು ಒಡೆದು ಆಲ್ಡಿಹೈಡ್‌ಗಳಾಗುತ್ತದೆ. ಅವುಗಳಲ್ಲಿ ಮ್ಯಾಲನ್‌ಡೈಆಲ್ಡಿಹೈಡ್ ಎನ್ನುವುದು ಡಿಎನ್‌ಎಯ ಗ್ವಾನಿನ್ ಅಕ್ಷರಕ್ಕೆ ಅಂಟಿಕೊಳ್ಳಬಲ್ಲದು. ಅಲ್ಲಿಗೆ ಅಡುಗೆಮನೆಯ ಮಾತು ಮುಗಿದು ನನ್ನ ವೃತ್ತಿಯ ಮಾತು ಶುರುವಾಗುತ್ತದೆ. ಕಮಟು ಎಣ್ಣೆಯನ್ನು ನಿಮ್ಮ ಮೂಗು ಹಿಡಿದುಬಿಡುತ್ತದೆ. ಪ್ರಯೋಗಾಲಯದ ಕಪಾಟಿನಲ್ಲಿ, ಕಾರ್ಖಾನೆಯ ಡ್ರಮ್ಮಿನಲ್ಲಿ ಎಷ್ಟೋ ರಾಸಾಯನಿಕಗಳು ಇದೇ ರೀತಿ ಕಮಟಾಗಿರುತ್ತವೆ. ಅದು ಮೂಗಿಗೆ ಗೊತ್ತಾಗುವುದಿಲ್ಲ, ಲೇಬಲ್ಲಿನ ಮೇಲೆ ಬರೆದಿರುವುದೂ ಇಲ್ಲ. ಅಂಥ ಬಾಟಲಿಯಿಂದ ತೆಗೆದದ್ದನ್ನು ಪರೀಕ್ಷೆಗಿಟ್ಟು ಇದು ಡಿಎನ್‌ಎ ಕೆಡಿಸುತ್ತದೆ, ಇದು ಕೆಡಿಸುವುದಿಲ್ಲ ಎಂದು ನಾವು ತೀರ್ಪು ಬರೆಯುತ್ತೇವೆ. ತೀರ್ಪು ಯಾರ ಮೇಲೆ? ಹೆಸರಿರುವ ರಾಸಾಯನಿಕದ ಮೇಲೋ, ಗಾಳಿ ಅದರಿಂದ ಮಾಡಿಟ್ಟ ಹೆಸರಿಲ್ಲದ ಇನ್ನೊಂದರ ಮೇಲೋ? ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದ ನನಗೆ ಇವತ್ತಿಗೂ ನಿದ್ದೆ ಕೆಡಿಸುವ ಪ್ರಶ್ನೆ ಇದೊಂದೇ.

ಆ ಪರೀಕ್ಷೆ ಹೇಗಿರುತ್ತದೆ ಎಂದು ಹೇಳಬೇಕು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬ್ರೂಸ್ ಏಮ್ಸ್ ಎಂಬ ವಿಜ್ಞಾನಿ ಇದನ್ನು ರೂಪಿಸಿದರು. ಅವರು 2024ರಲ್ಲಿ ತೀರಿಕೊಂಡರು. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಇದೆಯಲ್ಲ, ಅದು ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಏಮ್ಸ್ ಬಳಸಿದ ತಳಿಗಳಲ್ಲಿ ಆ ಜೀನಿನಲ್ಲೊಂದು ತಪ್ಪಿದೆ. ಒಂದು ಅಕ್ಷರ ಬದಲಾಗಿರಬಹುದು, ಇಲ್ಲವೇ ಅಕ್ಷರ ಬಿಟ್ಟುಹೋಗಿ ಓದುವ ಸಾಲೇ ಸರಿದಿರಬಹುದು. ಹಾಗಾಗಿ ಹಿಸ್ಟಿಡಿನ್ ಹೊರಗಿನಿಂದ ಕೊಟ್ಟರೆ ಬದುಕುತ್ತವೆ, ಕೊಡದಿದ್ದರೆ ಬೆಳೆಯುವುದಿಲ್ಲ. ಈಗ ಹಿಸ್ಟಿಡಿನ್ ಇಲ್ಲದ ಅಗರ್ ತಟ್ಟೆಯ ಮೇಲೆ ಇಂಥ ಹತ್ತು ಕೋಟಿಯಷ್ಟು ಬ್ಯಾಕ್ಟೀರಿಯಾಗಳನ್ನು ಹರಡಿ, ಜೊತೆಗೆ ಪರೀಕ್ಷಿಸಬೇಕಾದ ರಾಸಾಯನಿಕ ಸೇರಿಸಿ, 37 ಡಿಗ್ರಿಯಲ್ಲಿ ಎರಡು ದಿನ ಇಡುತ್ತೇವೆ. ರಾಸಾಯನಿಕ ಡಿಎನ್‌ಎಯಲ್ಲಿ ಬದಲಾವಣೆ ತಂದರೆ, ಎಲ್ಲೋ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ಹಳೆಯ ತಪ್ಪೇ ತಿದ್ದಿಹೋಗುತ್ತದೆ. ತಿದ್ದಿಹೋದವು ಬೆಳೆದು ಚುಕ್ಕಿಗಳಾಗಿ ಕಾಣುತ್ತವೆ.

ನಾನು ಮೊದಲ ಬಾರಿ ಆ ತಟ್ಟೆಯನ್ನು ಬೆಳಕಿಗೆ ಹಿಡಿದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿನ್ನೆಲೆಯಲ್ಲಿ ತೆಳು ಮಂಜಿನಂಥ ಪದರ. ನಾವು ಸೇರಿಸಿದ ಚಿಟಿಕೆ ಹಿಸ್ಟಿಡಿನ್ ತಿಂದು ಒಂದೆರಡು ಸಲ ಒಡೆದು ಸುಮ್ಮನಾದ ಬ್ಯಾಕ್ಟೀರಿಯಾಗಳ ಪದರ ಅದು. ಅದರ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ, ಕೆನೆಬಣ್ಣದ ಗುಂಡು ಚುಕ್ಕಿಗಳು. ಟಿಎ 98 ಎಂಬ ತಳಿಯಲ್ಲಿ ಏನೂ ಹಾಕದಿದ್ದರೂ ಮೂವತ್ತರ ಆಸುಪಾಸು ಚುಕ್ಕಿ ಬರುತ್ತವೆ, ಟಿಎ 100ರಲ್ಲಿ ನೂರರ ಮೇಲೆ. ರಾಸಾಯನಿಕ ಹಾಕಿದ ತಟ್ಟೆಯಲ್ಲಿ ಅದರ ಎರಡು ಪಟ್ಟು, ಮೂರು ಪಟ್ಟು ಆಯಿತು, ಪ್ರಮಾಣ ಹೆಚ್ಚಿಸಿದಂತೆ ಚುಕ್ಕಿಯೂ ಹೆಚ್ಚಿತು ಎಂದರೆ ಅದು ಮ್ಯುಟಾಜೆನ್. ಡಿಎನ್‌ಎಯ ಬರಹವನ್ನು ತಿದ್ದುವ ವಸ್ತು. ಇನ್ನೊಂದು ಸಾಲು ತಟ್ಟೆಗಳಿಗೆ ಇಲಿಯ ಯಕೃತ್ತನ್ನು ಅರೆದು ತೆಗೆದ ರಸ ಸೇರಿಸುತ್ತೇವೆ, ಎಸ್9 ಎಂದು ಅದರ ಹೆಸರು. ದೇಹದೊಳಗೆ ಹೋದ ಮೇಲೆ ರಾಸಾಯನಿಕ ಏನಾಗಿ ಬದಲಾಗುತ್ತದೋ ಅದನ್ನೂ ನೋಡಿದಂತಾಗಲಿ ಎಂದು.

ಈ ಪರೀಕ್ಷೆಯ ಶಕ್ತಿಯೇ ಅದರ ತೊಡಕು. ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ನೂರು ತಿದ್ದುಪಡಿಯನ್ನು ಹಿಡಿಯುವ ಪರೀಕ್ಷೆಗೆ, ಬಾಟಲಿಯಲ್ಲಿ ಸಾವಿರಕ್ಕೆ ಒಂದು ಪಾಲು ಇರುವ ಕಲ್ಮಶವೂ ಸಾಕು. ಶೇಕಡ 99 ಶುದ್ಧ ಎಂದು ಲೇಬಲ್ ಹೇಳಿದರೆ ರಸಾಯನಶಾಸ್ತ್ರಜ್ಞರಿಗೆ ಸಮಾಧಾನ. ಸಾಲ್ಮೊನೆಲ್ಲ ಮಾತ್ರ ಉಳಿದ ಶೇಕಡ ಒಂದನ್ನೂ ಓದುತ್ತದೆ.

ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ 1,3-ಡೈಕ್ಲೋರೊಪ್ರೊಪೀನ್. ಮಣ್ಣಿನಲ್ಲಿರುವ ಜಂತುಹುಳುಗಳನ್ನು, ಅಂದರೆ ಬೇರುಗಂಟು ರೋಗ ತರುವ ನೆಮಟೋಡ್‌ಗಳನ್ನು ಕೊಲ್ಲಲು ಬಿತ್ತನೆಗೆ ಮೊದಲು ಮಣ್ಣಿಗೆ ಚುಚ್ಚುವ ದ್ರವ. ಇದರ ಕಥೆ ಹವಾಯಿ ದ್ವೀಪದ ಅನಾನಸ್ ತೋಟಗಳಿಂದ ಶುರುವಾಗುತ್ತದೆ. ಅಲ್ಲಿನ ಅನಾನಸ್ ಸಂಶೋಧನಾ ಸಂಸ್ಥೆಯ ವಾಲ್ಟರ್ ಕಾರ್ಟರ್ 1943ರಲ್ಲಿ, ಇದೇ ಅಣು ಇದ್ದ ಒಂದು ಮಿಶ್ರಣ ಮಣ್ಣಿನ ಜಂತುಹುಳುಗಳನ್ನು ಚೆನ್ನಾಗಿ ಕೊಲ್ಲುತ್ತದೆ ಎಂದು ವರದಿ ಮಾಡಿದರು. ಅಗ್ಗದ ವಸ್ತು, ಕೆಲಸ ಗಟ್ಟಿ. ಅಮೆರಿಕದ ಹೊಲಗಳಲ್ಲಿ ಇವತ್ತಿಗೂ ಇದರ ಬಳಕೆ ಇದೆ.

1970ರ ದಶಕದಲ್ಲಿ ಇದನ್ನು ಏಮ್ಸ್ ಪರೀಕ್ಷೆಗೆ ಇಟ್ಟಾಗ ತಟ್ಟೆ ತುಂಬ ಚುಕ್ಕಿ ಬಂದವು. ಎಸ್9 ಕೂಡ ಬೇಕಾಗಲಿಲ್ಲ, ನೇರವಾಗಿಯೇ ಮ್ಯುಟಾಜೆನ್. 1985ರಲ್ಲಿ ಅಮೆರಿಕದ ರಾಷ್ಟ್ರೀಯ ಟಾಕ್ಸಿಕಾಲಜಿ ಕಾರ್ಯಕ್ರಮದ ವರದಿ ಬಂತು. ಬಾಯಿಯ ಮೂಲಕ ಕೊಟ್ಟಾಗ ಇಲಿಗಳಿಗೆ ಗಡ್ಡೆಗಳಾದವು ಎಂದು ಅದು ಹೇಳಿತು. ಆರೋಪ ಸಾಬೀತಾದಂತೆಯೇ ಕಂಡಿತು.

ಅದಕ್ಕೆ ಒಂದು ವರ್ಷ ಮುಂಚೆ, 1984ರಲ್ಲಿ, ಟಾಲ್ಕಟ್ ಮತ್ತು ಕಿಂಗ್ ಎಂಬಿಬ್ಬರು ಒಂದು ಸರಳ ಕೆಲಸ ಮಾಡಿದ್ದರು. ಮಾರುಕಟ್ಟೆಯ ಡೈಕ್ಲೋರೊಪ್ರೊಪೀನನ್ನು ಸಿಲಿಸಿಕ್ ಆಮ್ಲದ ಪುಡಿ ತುಂಬಿದ ಕೊಳವೆಯ, ಅಂದರೆ ಕಾಲಮ್ಮಿನ, ಮೂಲಕ ಹರಿಸಿದರು. ಎಂಎಸ್‌ಸಿ ಮೊದಲ ವರ್ಷದಲ್ಲಿ ನೀವೆಲ್ಲ ಕಾಲಮ್ ಓಡಿಸಿದ್ದೀರಿ: ಅಂಟುವ ಸ್ವಭಾವದ ಅಣುಗಳು ಮೇಲೆ ಉಳಿಯುತ್ತವೆ, ಅಂಟದವು ಕೆಳಗೆ ಇಳಿದು ಬರುತ್ತವೆ. ಕೆಳಗೆ ಇಳಿದು ಬಂದ ಶುದ್ಧ ದ್ರವವನ್ನು ಪರೀಕ್ಷೆಗಿಟ್ಟರೆ ಎಸ್9 ಇಲ್ಲದ ತಟ್ಟೆಗಳಲ್ಲಿ ಚುಕ್ಕಿ ಏರಲಿಲ್ಲ. ಕಾಲಮ್ಮಿಗೆ ಅಂಟಿ ಉಳಿದದ್ದರಲ್ಲಿ ಮ್ಯುಟಾಜೆನ್ ಇತ್ತು. 1987ರಲ್ಲಿ ವ್ಯಾಟ್ಸನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ದ್ರವ ಗಾಳಿಯೊಂದಿಗೆ ಸೇರಿ ತಾನಾಗಿ ಉತ್ಕರ್ಷಣಗೊಂಡಾಗ ಒಂದು ಎಪಾಕ್ಸೈಡ್ ಹುಟ್ಟುತ್ತದೆ, ಶುದ್ಧಗೊಳಿಸಿದ ಮಾದರಿಯಲ್ಲಿ ಕಾಣದ ಚಟುವಟಿಕೆ ಅದಕ್ಕೆ ಇದೆ ಎಂದು ತೋರಿಸಿದರು.

ಈ ಎಪಾಕ್ಸೈಡ್ ಎಂದರೇನು? ಎರಡು ಇಂಗಾಲ, ಒಂದು ಆಮ್ಲಜನಕ ಸೇರಿ ಆದ ಮೂರು ಮೂಲೆಯ ಉಂಗುರ. ಇಂಗಾಲದ ಬಂಧಗಳು 109 ಡಿಗ್ರಿ ಕೋನದಲ್ಲಿ ಆರಾಮವಾಗಿ ಕೂರುವಂಥವು. ಅವನ್ನು ಹಿಡಿದು 60 ಡಿಗ್ರಿಗೆ ಬಗ್ಗಿಸಿದರೆ ಹೆದೆಯೇರಿಸಿದ ಬಿಲ್ಲಿನ ಹಾಗೆ ಇರುತ್ತದೆ, ಬಿಚ್ಚಿಕೊಳ್ಳಲು ಕಾರಣವೊಂದು ಸಿಕ್ಕರೆ ಸಾಕು. ಡಿಎನ್‌ಎಯ ಗ್ವಾನಿನ್‌ನಲ್ಲಿ ಎಲೆಕ್ಟ್ರಾನ್ ತುಂಬಿದ ಒಂದು ನೈಟ್ರೋಜನ್ ಇದೆ. ಅದು ತಾಗಿದ ಕ್ಷಣ ಉಂಗುರ ಬಿಚ್ಚಿ ಅಲ್ಲಿಗೇ ಅಂಟುತ್ತದೆ. ನಾನು ಆಗಲೇ ಹೇಳಿದ ಪೆರಾಕ್ಸಿ ರ‍್ಯಾಡಿಕಲ್ ನೆನಪಿದೆಯಲ್ಲ? ಅದು ಯಾವಾಗಲೂ ಹೈಡ್ರೋಜನ್ನನ್ನೇ ಕೀಳುವುದಿಲ್ಲ. ಕೆಲವೊಮ್ಮೆ ಪಕ್ಕದ ಅಣುವಿನ ಡಬಲ್ ಬಾಂಡಿಗೇ ಸೇರಿಕೊಂಡು, ತನ್ನ ಒಂದು ಆಮ್ಲಜನಕವನ್ನು ಅಲ್ಲಿ ಉಂಗುರವಾಗಿ ಬಿಟ್ಟು ಹೋಗುತ್ತದೆ. ಅಗಸಿ ಹಿಂಡಿ ಕೆಟ್ಟ ದಾರಿಯೂ ಡ್ರಮ್ಮಿನೊಳಗೆ ಎಪಾಕ್ಸೈಡ್ ಹುಟ್ಟಿದ ದಾರಿಯೂ ಒಂದೇ.

ಇನ್ನೂ ಒಂದು ತೊಡಕಿತ್ತು. ಈ ದ್ರವ ಕೆಟ್ಟು ಆಮ್ಲವಾಗದಿರಲಿ ಎಂದು ತಯಾರಕರು ಅದಕ್ಕೆ ಸುಮಾರು ಶೇಕಡ 1ರಷ್ಟು ಎಪಿಕ್ಲೋರೊಹೈಡ್ರಿನ್ ಸೇರಿಸುತ್ತಿದ್ದರು. ಅದೂ ಒಂದು ಎಪಾಕ್ಸೈಡೇ, ಅದೂ ಮ್ಯುಟಾಜೆನ್! 1985ರ ವರದಿಯ ಇಲಿಗಳಿಗೆ ಕೊಟ್ಟ ದ್ರವದಲ್ಲೂ ಅದು ಇತ್ತು. ಆ ಗಡ್ಡೆಗಳಲ್ಲಿ ಡೈಕ್ಲೋರೊಪ್ರೊಪೀನಿನ ಪಾಲೆಷ್ಟು, ಸಂರಕ್ಷಕದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಆಗಲಿಲ್ಲ. ಮುಂದೆ ಎಪಿಕ್ಲೋರೊಹೈಡ್ರಿನ್ ಬಿಟ್ಟು ಎಪಾಕ್ಸಿಡೀಕರಿಸಿದ ಸೋಯಾ ಎಣ್ಣೆಯನ್ನು ಸೇರಿಸತೊಡಗಿದರು.

ಇಲ್ಲಿಗೆ ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಹಾಗಾದರೆ ಸರ್, ತಪ್ಪೆಲ್ಲ ಕಲ್ಮಶದ್ದು, ಮೂಲ ರಾಸಾಯನಿಕ ನಿರ್ದೋಷಿ. ಅಷ್ಟು ಅವಸರ ಬೇಡ. 1998ರಲ್ಲಿ ಬರ್ಕ್ಲಿಯ ಜಾನ್ ಕಸೀಡಾ ಅವರ ತಂಡ ಇಲಿಯ ಯಕೃತ್ತಿನಲ್ಲಿ ಹುಡುಕಿತು. ಯಕೃತ್ತಿನ ಪಿ450 ಕಿಣ್ವಗಳು ಡೈಕ್ಲೋರೊಪ್ರೊಪೀನಿಗೆ ಆಮ್ಲಜನಕ ಸೇರಿಸಿ ಅದೇ ಎಪಾಕ್ಸೈಡನ್ನು ಮಾಡುತ್ತವೆ ಎಂದು ತೋರಿಸಿತು. ಡ್ರಮ್ಮಿನಲ್ಲಿ ಗಾಳಿ ತಿಂಗಳುಗಟ್ಟಲೆ ಮಾಡುವ ಕೆಲಸವನ್ನು ಯಕೃತ್ತು ತಾನೇ ಮಾಡಿಕೊಳ್ಳುತ್ತದೆ. ಆದರೆ ಯಕೃತ್ತಿನಲ್ಲಿ ಗ್ಲೂಟಾಥಯೋನ್ ಎಂಬ ಕಾವಲುಗಾರನೂ ಇದ್ದಾನೆ, ಬಹುಪಾಲನ್ನು ಆತ ಅಲ್ಲೇ ಹಿಡಿದು ಹೊರಗೆ ಹಾಕುತ್ತಾನೆ. ಹಾಗಾಗಿ ಅಪಾಯ ಎಷ್ಟು ಎಂಬ ಪ್ರಶ್ನೆ ಇವತ್ತಿಗೂ ಚರ್ಚೆಯಲ್ಲಿದೆ, ಅಮೆರಿಕದ ನಿಯಂತ್ರಕರ ನಡುವೆಯೇ ಒಮ್ಮತವಿಲ್ಲ. ನಾನು ಇಷ್ಟು ಮಾತ್ರ ಒತ್ತಿ ಹೇಳುತ್ತೇನೆ. ಗಾಳಿಯ ಪಾಲನ್ನು ಬೇರೆ ಮಾಡಿ ನೋಡಿದ್ದರಿಂದಲೇ ಯಕೃತ್ತಿನ ಪಾಲು ಕಣ್ಣಿಗೆ ಬಿತ್ತು. ಎರಡೂ ಕಲಸಿಹೋಗಿದ್ದಾಗ ಯಾವುದೂ ಕಂಡಿರಲಿಲ್ಲ.

ಸಂರಕ್ಷಕದ ಮಾತು ಬಂದದ್ದರಿಂದ ಟ್ರೈಕ್ಲೋರೊಎಥಿಲೀನ್ ಬಗ್ಗೆಯೂ ಎರಡು ಮಾತು. ಲೋಹದ ಬಿಡಿಭಾಗಗಳ ಗ್ರೀಸ್ ತೊಳೆಯಲು ಬಳಸಿದ ದ್ರಾವಕ. ಗಾಳಿ, ಬೆಳಕು ತಾಗಿದರೆ ಇದೂ ಕೆಡುತ್ತದೆ, ಆಮ್ಲ ಹುಟ್ಟುತ್ತದೆ, ವಿಷಾನಿಲ ಫಾಸ್ಜೀನ್ ಕೂಡ ಬರುತ್ತದೆ. ಅದನ್ನು ತಡೆಯಲು ಹಾಕಿದ್ದು ಮತ್ತೆ ಎಪಾಕ್ಸೈಡ್‌ಗಳೇ. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದರಿಂದ ಇಲಿಗಳ ಯಕೃತ್ತಿನಲ್ಲಿ ಗಡ್ಡೆಯಾಗುತ್ತದೆ ಎಂದು ವರದಿ ಮಾಡಿತು. ಮರುವರ್ಷವೇ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನ ಡೀಟ್ರಿಶ್ ಹೆನ್‌ಶ್ಲರ್, ಆ ಮಾದರಿಯಲ್ಲಿ ಇದ್ದ ಸಂರಕ್ಷಕಗಳತ್ತ ಬೆರಳು ತೋರಿಸಿದರು. ಸರಿಯಾದ ಪ್ರಶ್ನೆ ಅದು. ಆದರೆ ಎಪಿಕ್ಲೋರೊಹೈಡ್ರಿನ್ ಇಲ್ಲದ ದ್ರವದಲ್ಲೂ ಇಲಿಗಳ ಯಕೃತ್ತಿನ ಗಡ್ಡೆ ನಿಲ್ಲಲಿಲ್ಲ. 2012ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟ್ರೈಕ್ಲೋರೊಎಥಿಲೀನನ್ನು ಮನುಷ್ಯರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಲ್ಮಶದ ನೆಪ ಹೇಳಿ ಮೂಲ ವಸ್ತುವನ್ನು ಬಿಡಿಸಿಕೊಳ್ಳುವ ಆಸೆ ಕಂಪನಿಗಳಿಗೆ ಸಹಜ. ಅದಕ್ಕೆ ವಿಜ್ಞಾನಿಗಳು ವಕೀಲರಾಗಿ ನಿಲ್ಲಬಾರದು ಎಂದು ನಾನು ಬಲವಾಗಿ ನಂಬುತ್ತೇನೆ.

ಈಗ ನನ್ನ ಸ್ವಂತ ಅನುಭವಕ್ಕೆ ಬರುತ್ತೇನೆ. ನಾನು ಹಿಂದೆ ಇದ್ದ ಒಂದು ಪ್ರಯೋಗಾಲಯದಲ್ಲಿ ಕೂದಲಿನ ಬಣ್ಣಕ್ಕೆ ಬಳಸುವ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ವಸ್ತುವನ್ನು ಪರೀಕ್ಷಿಸುತ್ತಿದ್ದೆವು. ಪಿಪಿಡಿ ಎಂದು ಕರೆಯುತ್ತೇವೆ. ನಾನು, ಇನ್ನೊಬ್ಬ ಸಹೋದ್ಯೋಗಿ, ಇಬ್ಬರದೂ ಒಂದೇ ಬಾಟಲಿ, ಒಂದೇ ತಳಿ, ಒಂದೇ ಎಸ್9. ನನ್ನ ತಟ್ಟೆಗಳಲ್ಲಿ ಏನೂ ವಿಶೇಷವಿಲ್ಲ. ಅವರ ತಟ್ಟೆಗಳಲ್ಲಿ ಎಣಿಸಲಾರದಷ್ಟು ಚುಕ್ಕಿ. ಮತ್ತೆ ಮಾಡಿದೆವು, ಮತ್ತೆ ಹಾಗೇ. ಮೂರು ವಾರ ಒಬ್ಬರ ಕೈಚಳಕದ ಮೇಲೆ ಇನ್ನೊಬ್ಬರಿಗೆ ಅನುಮಾನ, ಮಾತು ಕಡಿಮೆಯಾಗುವವರೆಗೂ ಹೋಯಿತು. ಕೊನೆಗೆ ಇಬ್ಬರೂ ಒಂದೇ ದಿನ ಒಂದೇ ಮೇಜಿನ ಮೇಲೆ ಮಾಡೋಣ ಎಂದು ಕೂತೆವು. ಆಗ ಗೊತ್ತಾಯಿತು. ನಾನು ತೂಕ ಮಾಡಿ, ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಹತ್ತು ನಿಮಿಷದಲ್ಲಿ ತಟ್ಟೆಗೆ ಹಾಕುತ್ತಿದ್ದೆ. ಅವರು ಬೆಳಿಗ್ಗೆ ಹತ್ತಕ್ಕೆ ಕರಗಿಸಿಟ್ಟು, ಬೇರೆ ಕೆಲಸ ಮುಗಿಸಿ, ಊಟ ಮಾಡಿ ಬಂದು, ಮಧ್ಯಾಹ್ನ ಎರಡರ ಮೇಲೆ ಹಾಕುತ್ತಿದ್ದರು. ಎರಡೂ ಸೀಸೆಗಳನ್ನು ಬಿಳಿ ಕಾಗದದ ಮೇಲೆ ಪಕ್ಕಪಕ್ಕದಲ್ಲಿಟ್ಟೆವು. ನನ್ನದು ತೆಳು ಗುಲಾಬಿ. ಅವರದು ನೇರಳೆ ಹಣ್ಣಿನ ರಸದ ಬಣ್ಣ.

ಆ ಬಣ್ಣದಲ್ಲೇ ಉತ್ತರವಿತ್ತು. ಗಾಳಿ ತಾಗಿದ ಪಿಪಿಡಿ ಮೊದಲು ಕ್ವಿನೋನ್‌ಡೈಇಮೀನ್ ಎಂಬ ಚುರುಕಾದ ಅಣುವಾಗುತ್ತದೆ. ಅದು ಮತ್ತಷ್ಟು ಪಿಪಿಡಿಯೊಂದಿಗೆ ಸೇರುತ್ತಾ ಮೂರು ಅಣುಗಳು ಒಂದಾಗಿ ಕಡುಬಣ್ಣದ ವಸ್ತುವೊಂದು ತಯಾರಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೋಲೆಂಡಿನ ರಸಾಯನಶಾಸ್ತ್ರಜ್ಞ ಬಾಂಡ್ರೋವ್‌ಸ್ಕಿ ಇದನ್ನು ವಿವರಿಸಿದ್ದರಿಂದ ಬಾಂಡ್ರೋವ್‌ಸ್ಕಿ ಬೇಸ್ ಎಂದೇ ಹೆಸರು. ಟಿಎ 98ರಲ್ಲಿ, ಎಸ್9 ಜೊತೆಗೆ, ಇದು ಬಲವಾದ ಮ್ಯುಟಾಜೆನ್. ಪಿಪಿಡಿ ಹೊಸದಾಗಿ ಕರಗಿಸಿದಾಗ ತಣ್ಣಗಿದ್ದು, ಡಿಎಂಎಸ್‌ಒದಲ್ಲಿ ಕೆಲ ಗಂಟೆ ಇಟ್ಟಾಗ ಚುಕ್ಕಿ ತರುತ್ತದೆ ಎಂಬುದು ನಮಗಿಂತ ಎಷ್ಟೋ ಮೊದಲೇ ಪ್ರಕಟವಾಗಿತ್ತು. ನಾವು ಓದಿರಲಿಲ್ಲ. ಓದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಕೂದಲಿನ ಬಣ್ಣಕ್ಕೂ ಏಮ್ಸ್ ಅವರಿಗೂ ಹಳೆಯ ನಂಟು. 1975ರಲ್ಲಿ ಅವರ ತಂಡ ಮಾರುಕಟ್ಟೆಯಲ್ಲಿದ್ದ, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಚ್ಚುವಂಥ 169 ಬಣ್ಣಗಳನ್ನು ಪರೀಕ್ಷಿಸಿತು. 150 ಬಣ್ಣಗಳು ಮ್ಯುಟಾಜೆನ್ ಎಂದು ಬಂತು. ಬಾಟಲಿಯ ಪೆರಾಕ್ಸೈಡ್ ಅಲ್ಲಿ ಕೆಲವೇ ನಿಮಿಷಗಳಲ್ಲಿ ಮಾಡುವುದು, ಗಾಳಿ ನಿಧಾನವಾಗಿ ಮಾಡುವ ಅದೇ ಉತ್ಕರ್ಷಣ. ಇಲ್ಲಿ ಒಂದು ವಿವರ ಬಿಡಬಾರದು. ಸರಿಯಾಗಿ ತಯಾರಿಸಿದ ಬಣ್ಣದಲ್ಲಿ ರಿಸಾರ್ಸಿನಾಲ್‌ನಂಥ ಜೊತೆಗಾರ ಅಣು ಇರುತ್ತದೆ. ಕ್ವಿನೋನ್‌ಡೈಇಮೀನ್ ಅದರೊಂದಿಗೆ ಬೇಗ ಸೇರಿಕೊಳ್ಳುವುದರಿಂದ ಬಾಂಡ್ರೋವ್‌ಸ್ಕಿ ಬೇಸ್ ಹುಟ್ಟುವುದು ಕಡಿಮೆ. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ವಂತಕ್ಕೆ ಬಣ್ಣ ಹಚ್ಚಿಕೊಳ್ಳುವವರ ವಿಷಯದಲ್ಲಿ ಪುರಾವೆ ಸಾಲದು ಎಂದಿದೆ, ದಿನವಿಡೀ ಅದರಲ್ಲೇ ಕೈಯಾಡಿಸುವ ಕ್ಷೌರಿಕರ ಮತ್ತು ಪಾರ್ಲರಿನವರ ಕಸುಬನ್ನು ಮಾತ್ರ ಬಹುಶಃ ಅಪಾಯಕಾರಿ ಎಂಬ ಗುಂಪಿನಲ್ಲಿಟ್ಟಿದೆ. ಜಾತ್ರೆ, ಮದುವೆಗಳಲ್ಲಿ ಕಪ್ಪು ಮೆಹಂದಿ ಎಂದು ಹಚ್ಚುತ್ತಾರಲ್ಲ, ಅದರಲ್ಲಿ ಬಹಳ ಸಲ ಪಿಪಿಡಿ ಇರುತ್ತದೆ. ಜೊತೆಗಾರ ಅಣು ಇಲ್ಲ, ಪ್ರಮಾಣದ ಲೆಕ್ಕ ಇಲ್ಲ, ಚರ್ಮದ ಮೇಲೆ ಗಾಳಿಗೆ ಬಿಟ್ಟು ಗಂಟೆಗಟ್ಟಲೆ ಒಣಗಿಸುವುದು. ಮ್ಯುಟೇಶನ್ನಿನ ಮಾತು ಹಾಗಿರಲಿ, ಅದರಿಂದ ಬೊಬ್ಬೆ ಎದ್ದು ಅಲರ್ಜಿ ಜೀವಮಾನಕ್ಕೆ ಅಂಟಿಕೊಳ್ಳಬಹುದು. ನಿಮ್ಮ ಮನೆಯ ಮಕ್ಕಳಿಗೆ ಹಚ್ಚಿಸಬೇಡಿ.

ರಾಕೆಟ್ ಇಂಧನದ್ದು ಚಿಕ್ಕ ಕಥೆ. ನಮ್ಮ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತದಲ್ಲಿ ವಿಕಾಸ್ ಎಂಜಿನ್ ಇದೆ. ಅದರ ಇಂಧನದಲ್ಲಿ ಮುಕ್ಕಾಲು ಪಾಲು ಯುಡಿಎಂಎಚ್, ಅಂದರೆ ಅಸಮ ಡೈಮಿಥೈಲ್ ಹೈಡ್ರಜೀನ್. ಶುದ್ಧವಾಗಿದ್ದಾಗ ನೀರಿನಂತೆ ಬಣ್ಣವಿಲ್ಲದ ದ್ರವ, ಗಾಳಿ ತಾಗುತ್ತಾ ಹೋದರೆ ಹಳದಿಗೆ ತಿರುಗುತ್ತದೆ. ಆಗ ಅದರಲ್ಲಿ ಹುಟ್ಟುವ ವಸ್ತುಗಳಲ್ಲಿ ಒಂದು ಎನ್‌ಡಿಎಂಎ, ನೈಟ್ರೊಸಮೀನ್‌ಗಳ ಪೈಕಿ ಅತ್ಯಂತ ಕುಖ್ಯಾತವಾದದ್ದು. ಅದು ಇಲಿಗಳ ಯಕೃತ್ತಿನಲ್ಲಿ ಗಡ್ಡೆ ತರುತ್ತದೆ ಎಂದು ಮ್ಯಾಗಿ ಮತ್ತು ಬಾರ್ನ್ಸ್ 1956ರಲ್ಲೇ ತೋರಿಸಿದ್ದರು. 2018ರಿಂದ ಈಚೆಗೆ ರಕ್ತದೊತ್ತಡದ, ಆಸಿಡಿಟಿಯ ಕೆಲವು ಮಾತ್ರೆಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆದರಲ್ಲ, ಅವುಗಳಲ್ಲಿ ಸಿಕ್ಕಿದ್ದೂ ಇದೇ ಅಣು. ಮಾತ್ರೆಗಳಲ್ಲಿ ಅದು ಹುಟ್ಟಿದ ದಾರಿ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಅಣು ಮಾತ್ರ ಒಂದೇ: ದಿನಕ್ಕೆ 96 ನ್ಯಾನೊಗ್ರಾಂ ಮೀರಬಾರದು ಎಂದು ಅಮೆರಿಕದ ಔಷಧ ನಿಯಂತ್ರಕರು ಮಿತಿ ಹಾಕಿದ್ದಾರೆ. ಒಂದು ಗ್ರಾಂನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಕಾಫಿಯ ಬಗ್ಗೆ ಹೇಳದಿದ್ದರೆ ಹೊರಗೆ ಫಿಲ್ಟರ್ ಇಟ್ಟುಕೊಂಡು ಕಾಯುತ್ತಿರುವವರಿಗೆ ಬೇಸರವಾದೀತು. ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ತಕಾಶಿ ಸುಗಿಮುರಾ ಅವರ ತಂಡ 1979ರಲ್ಲಿ ಕಾಫಿ, ಚಹಾ ಎರಡೂ ಸಾಲ್ಮೊನೆಲ್ಲದಲ್ಲಿ ಚುಕ್ಕಿ ತರುತ್ತವೆ ಎಂದು ವರದಿ ಮಾಡಿತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕ ಮುಖ್ಯ ಜೋಡಿ ಮಿಥೈಲ್‌ಗ್ಲೈಆಕ್ಸಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಆ ಪೆರಾಕ್ಸೈಡ್ ಕಾಫಿ ಬೀಜದೊಳಗೆ ಇದ್ದದ್ದಲ್ಲ. ಡಿಕಾಕ್ಷನ್ನಿನಲ್ಲಿರುವ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಡುತ್ತಾ ಅದನ್ನು ತಯಾರಿಸುತ್ತವೆ. ಇಳಿಸಿಟ್ಟ ಡಿಕಾಕ್ಷನ್ ಹೊತ್ತು ಕಳೆದಂತೆ ಇನ್ನಷ್ಟು ಮಾಡುತ್ತದೆ. ಗಾಬರಿಯಾಗಬೇಡಿ. ತಟ್ಟೆಗೆ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಸೇರಿಸಿದರೆ ಆ ಚಟುವಟಿಕೆ ಬಹುಮಟ್ಟಿಗೆ ಅಡಗುತ್ತದೆ, ನಮ್ಮ ಜೀವಕೋಶಗಳಲ್ಲಿ ಆ ಕಿಣ್ವ ಧಾರಾಳವಾಗಿದೆ. 1991ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಗೆ ಸೇರಿಸಿದ್ದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 2016ರಲ್ಲಿ ಅದನ್ನು ಅಲ್ಲಿಂದ ಕೆಳಗಿಳಿಸಿತು. ಚಿಕ್ಕಮಗಳೂರು, ಕೊಡಗಿನವರು ನಿರಾಳವಾಗಿ ಕುಡಿಯಿರಿ.

ಆದರೆ ಇದೇ ಮಾತು ಪ್ರಯೋಗಾಲಯದಲ್ಲಿ ದೊಡ್ಡ ಮೋಸಕ್ಕೆ ದಾರಿ. ಗ್ರೀನ್ ಟೀ ಸಾರ, ದ್ರಾಕ್ಷಿ ಸಾರ, ನಮ್ಮ ನೆಲ್ಲಿಕಾಯಿ ಸಾರ ತಂದು ಕ್ಯಾನ್ಸರ್ ಕೋಶಗಳಿಗೆ ಹಾಕಿ, ಕೋಶಗಳು ಸತ್ತವು, ಇದು ಕ್ಯಾನ್ಸರ್ ಮದ್ದು ಎಂದು ಪ್ರಬಂಧ ಬರೆಯುವವರು ಬಹಳ. ಬ್ಯಾರಿ ಹ್ಯಾಲಿವೆಲ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು: ಚಹಾದ ಕ್ಯಾಟೆಚಿನ್‌ಗಳನ್ನು, ಕ್ವರ್ಸೆಟಿನ್ ಎಂಬ ಇನ್ನೊಂದು ಪಾಲಿಫಿನಾಲನ್ನು ಕೋಶಗಳೇ ಇಲ್ಲದ ಬರಿಯ ಕಲ್ಚರ್ ಮಾಧ್ಯಮಕ್ಕೆ ಹಾಕಿದರೂ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕೋಶಗಳನ್ನು ಕೊಂದದ್ದು ಗಿಡವೋ, ತಟ್ಟೆಯ ಮೇಲಿನ ಗಾಳಿಯೋ? ನಿಮ್ಮಲ್ಲಿ ಯಾರಾದರೂ ಇಂಥ ಪ್ರಾಜೆಕ್ಟ್ ಮಾಡುತ್ತಿದ್ದರೆ ದಯವಿಟ್ಟು ಕ್ಯಾಟಲೇಸ್ ಹಾಕಿದ ಒಂದು ಸಾಲನ್ನು ಪಕ್ಕದಲ್ಲಿ ಇಡಿ. ಖರ್ಚು ಹೆಚ್ಚಿಲ್ಲ. ಫಲಿತಾಂಶ ಬಿದ್ದುಹೋದರೆ ಬೇಸರವಾಗುತ್ತದೆ, ನಿಜ. ಆದರೆ ಐದು ವರ್ಷ ಬಿಟ್ಟು ಬಿದ್ದುಹೋಗುವುದಕ್ಕಿಂತ ಈಗಲೇ ಬೀಳುವುದು ಲೇಸು.

ಬೆಂಗಳೂರಿನ ಔಷಧ ಸಂಶೋಧನಾ ಲ್ಯಾಬ್‌ಗಳಲ್ಲಿ ಕೆಲಸಕ್ಕೆ ಸೇರಲಿರುವವರಿಗೆ ಇದೆಲ್ಲ ದಿನನಿತ್ಯದ ವಿಷಯವಾಗುತ್ತದೆ. ಐಸಿಎಚ್ ಎಂಬ ಅಂತರರಾಷ್ಟ್ರೀಯ ಸಮಿತಿಯ ಎಂ7 ಮಾರ್ಗಸೂಚಿ 2014ರಲ್ಲಿ ಅಂತಿಮವಾಯಿತು. ಔಷಧದಲ್ಲಿರುವ ಡಿಎನ್‌ಎ ಕೆಡಿಸುವ ಕಲ್ಮಶ, ಜೀವಮಾನವಿಡೀ ಸೇವಿಸುವ ಔಷಧವಾದರೆ, ಸಾಮಾನ್ಯವಾಗಿ ದಿನಕ್ಕೆ 1.5 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ಅದು. ತಯಾರಿಸುವಾಗ ಉಳಿದದ್ದಷ್ಟೇ ಅಲ್ಲ, ಶೇಖರಿಸಿಟ್ಟಾಗ ಹುಟ್ಟುವುದನ್ನೂ ಲೆಕ್ಕ ಕೊಡಬೇಕು. ಔಷಧಕ್ಕೆ ಪೆರಾಕ್ಸೈಡ್ ಹಾಕಿ, ಬೆಳಕಿಗೆ ಹಿಡಿದು, ಬಿಸಿ ಮಾಡಿ ಬೇಕೆಂದೇ ಕೆಡಿಸಿ ನೋಡುವುದು ಅದಕ್ಕಾಗಿ. ಔಷಧವಷ್ಟೇ ಅಲ್ಲ, ಅದರ ಜೊತೆ ಸೇರಿಸುವ ಪಾಲಿಎಥಿಲೀನ್ ಗ್ಲೈಕಾಲ್ ಕೂಡ ಗಾಳಿಗೆ ಪೆರಾಕ್ಸೈಡ್, ಫಾರ್ಮಾಲ್ಡಿಹೈಡ್ ಕಟ್ಟಿಕೊಳ್ಳುತ್ತದೆ. ಹಾಗೆ ನೋಡಿದರೆ ನಿಮ್ಮ ಕಾಲೇಜಿನ ಲ್ಯಾಬಿನಲ್ಲೇ ಇರುವ ಡೈಎಥಿಲ್ ಈಥರ್ ಬಾಟಲಿಗಿಂತ ದೊಡ್ಡ ಉದಾಹರಣೆ ಬೇಡ. ಅದರ ಪೆರಾಕ್ಸೈಡ್ ಡಿಎನ್‌ಎ ತನಕ ಹೋಗುವ ಮೊದಲು ಬಟ್ಟಿ ಇಳಿಸುವಾಗಲೇ ಸಿಡಿಯುತ್ತದೆ.

ಸೋಮವಾರ ಲ್ಯಾಬಿಗೆ ಹೋದಾಗ ಕಪಾಟಿನ ಬಾಟಲಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿ. ಕಂಪನಿಯ ಲೇಬಲ್ಲಿನ ಮೇಲೆ ತಯಾರಾದ ದಿನಾಂಕ ಇರುತ್ತದೆ, ನೀವು ತೆರೆದ ದಿನಾಂಕ ಇರುವುದಿಲ್ಲ. ಅದನ್ನು ಮಾರ್ಕರ್ ಪೆನ್ನಿನಲ್ಲಿ ನೀವೇ ಬರೆಯಬೇಕು. ಡಬಲ್ ಬಾಂಡ್ ಇರುವವು, ಈಥರ್‌ಗಳು, ಅಮೀನ್‌ಗಳು, ಹೈಡ್ರಜೀನ್‌ಗಳು ಒಂದು ಕಡೆ ಇರಲಿ, ಕಂದು ಬಾಟಲಿಯಲ್ಲಿ, ತಂಪಿನಲ್ಲಿ, ಸಾಧ್ಯವಾದರೆ ಮೇಲೆ ನೈಟ್ರೋಜನ್ ತುಂಬಿ. ದೊಡ್ಡ ಬಾಟಲಿಯಲ್ಲಿ ತಳದಲ್ಲಿ ಸ್ವಲ್ಪ ಉಳಿದಿದೆ ಎಂದರೆ ಅದರ ಮೇಲೆಲ್ಲ ಗಾಳಿಯೇ, ಅಂಥದ್ದನ್ನು ಪರೀಕ್ಷೆಗೆ ಬಳಸಬೇಡಿ. ಪೆರಾಕ್ಸೈಡ್ ತೋರಿಸುವ ಕಾಗದದ ಪಟ್ಟಿ ಸಿಗುತ್ತದೆ, ಒಂದು ಹನಿ ಹಾಕಿದರೆ ನೀಲಿಯಾಗುತ್ತದೆ. ಮ್ಯುಟಾಜೆನ್ ಎಂದು ಫಲಿತಾಂಶ ಬಂದರೆ, ವರದಿ ಬರೆಯುವ ಮೊದಲು ಅದನ್ನು ಹೊಸದಾಗಿ ಬಟ್ಟಿ ಇಳಿಸಿಯೋ ಕಾಲಮ್ಮಿನಲ್ಲಿ ಹರಿಸಿಯೋ ಇನ್ನೊಮ್ಮೆ ಮಾಡಿ. ಬರಲಿಲ್ಲ ಎಂದರೂ ಅಲ್ಲಿಗೇ ಬಿಡಬೇಡಿ. ಅದೇ ದ್ರಾವಣವನ್ನು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು, ಊಟ ಮುಗಿಸಿ ಬಂದು, ಮತ್ತೊಂದು ಸಾಲು ತಟ್ಟೆಗಳಿಗೆ ಹಾಕಿ. ಎರಡೂ ಸಾಲುಗಳ ಚುಕ್ಕಿ ಎಣಿಸಿ, ಎರಡನ್ನೂ ವರದಿಯಲ್ಲಿ ಬರೆಯಿರಿ. ಪಕ್ಕದಲ್ಲಿ ದ್ರಾವಣದ ಬಣ್ಣವನ್ನೂ ಬರೆಯಿರಿ.